ವೂಫರ್ ಡಬ್ಬಿಗೆ ಊದಿನಕಡ್ಡಿ

ಮನುಷ್ಯನ ನಾಗರಿಕತೆ ಎಷ್ಟು ಮೇಲೇರಿದೆ ಎಂಬುದನ್ನು ಅವನು ಕಟ್ಟಿದ ಕಟ್ಟಡಗಳಿಂದ ಅಳೆಯಬೇಕೆಂದು ತಿಳಿದವರು ಹೇಳುತ್ತಾರೆ. ನಾನು ಈವರೆಗೆ ಕಟ್ಟಿದ್ದು ಒಂದೇ ಒಂದು ಪ್ಲೈವುಡ್ ಡಬ್ಬಿ. ಅದೂ ಕೆಮ್ಮುತ್ತಿತ್ತು.

ಹಾಡಿನ ದಪ್ಪ ಸದ್ದನ್ನು ಎದೆಗೆ ಗುದ್ದುವ ಸಬ್‌ವೂಫರ್ ಡಬ್ಬಿ ಅದು. ತಿಕೋಟಾದಲ್ಲಿ ನನ್ನ ತಂಗಿ ನೀಲವ್ವನ ಮಗನ ಮದುವೆ. ನಮ್ಮ ಕಡೆ ಮದುಮಗನ ಮೆರವಣಿಗೆಯೆಂದರೆ ಮುಂದೆ ಟ್ರ್ಯಾಕ್ಟರು, ಅದರ ಮೇಲೆ ಎದೆ ನಡುಗಿಸುವ ಹಾಡು, ಹಿಂದೆ ಬೀಗರು. ಸೋದರಮಾವನ ಉಂಗುರದ ಜೊತೆಗೆ ಆ ಎದೆನಡುಕವನ್ನೂ ನಾನೇ ಕೊಡುತ್ತೇನೆಂದು ನಾಲ್ಕು ಜನರ ಮುಂದೆ ಸಾರಿಬಿಟ್ಟಿದ್ದೆ. ನಿವೃತ್ತ ಭೂಗೋಳದ ಮಾಸ್ತರನಿಗೂ ಧ್ವನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಗೋಳಗುಮ್ಮಟದ ನೆರಳಲ್ಲಿ ಬೆಳೆದ ನಾವೆಲ್ಲ ಧ್ವನಿಶಾಸ್ತ್ರವನ್ನು ಪಿತ್ರಾರ್ಜಿತ ಆಸ್ತಿ ಎಂದೇ ನಂಬಿದವರು. ಓದುವ ಅಗತ್ಯ ಬೀಳುವುದಿಲ್ಲ.

ಸೊಲ್ಲಾಪುರ ರಸ್ತೆಯ ಬಡಗಿ ಹಲಗೆ ಕೊಯ್ದುಕೊಟ್ಟ. ಅಂಟು ಬಳಿದದ್ದು, ಜೋಡಿಸಿದ್ದು, ಸುತ್ತಿಗೆಗೆ ಬೆರಳು ಕೊಟ್ಟದ್ದು ನಾನೇ. ಇಂಥ ಡಬ್ಬಿಗೆ ಮುಂದೊಂದು ಕೊಳವೆ ಇರುತ್ತದೆ. ಸ್ಪೀಕರಿನ ಬೆನ್ನ ಹಿಂದಿನ ಗಾಳಿ ಒಳಗೇ ಕೊಳೆಯದೆ ಆ ಕೊಳವೆಯಿಂದ ಹೊರಬಂದು ‘ಧಂ’ ಎನ್ನುವುದಕ್ಕೆ ಹೆಗಲು ಕೊಡುತ್ತದೆ. ವಿಜಯಪುರದ ಮನೆಯಲ್ಲಿ ಹಚ್ಚಿ ನೋಡಿದಾಗ ಅಡುಗೆಮನೆಯ ತಾಟುಗಳು ಎದ್ದು ಕುಣಿದಿದ್ದವು.

ತಿಕೋಟಾಕ್ಕೆ ಒಯ್ದೆವು. ನೀಲವ್ವ ಅದಕ್ಕೆ ಕುಂಕುಮ ಹಚ್ಚಿ, ಪೂಜೆ ಮಾಡಿ ಒಳಗಿರಿಸಿದಳು. ಮೆರವಣಿಗೆಯ ಹಿಂದಿನ ದಿನ ಮುಂಜಾನೆ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿ ಹಾಡು ಹಚ್ಚಿದರೆ ಡಬ್ಬಿ ‘ಫುಸ್’ ಎಂದಿತು, ಹಲ್ಲಿಲ್ಲದ ಅಜ್ಜ ಬಿಸಿ ಚಹಾ ಊದಿದಂತೆ.

“ಮಾಸ್ತರ, ಡಬ್ಬಿಗಿ ನೆಗಡಿ ಆಗೇತೇನ್ರಿ?” ಎಂದರು ನೀಲವ್ವನ ಗಂಡ ಸಂಗನಗೌಡರು. “ಸಂಜೀ ತನಕ ನೋಡ್ತೇನಿ. ಆಗಲಿಲ್ಲಂದ್ರ ಬಬಲೇಶ್ವರದಿಂದ ಬಾಡಿಗಿ ಸೆಟ್ ತರಸ್ತೇನಿ.”

ಬಾಡಿಗೆ ಸೆಟ್! ಬಬಲೇಶ್ವರದ ಸದ್ದಿನ ಹಿಂದೆ ನಡೆಯುವ ಸೋದರಮಾವನ ಮುಖ ಹೇಗಿರುತ್ತದೆಂದು ಊಹಿಸಿಕೊಂಡೆ. ಮುಖ ನನ್ನದೇ ಆದ್ದರಿಂದ ಊಹೆ ಸುಲಭವಾಯಿತು.

ತಂತಿ ಬಿಚ್ಚಿ ಜೋಡಿಸಿದೆ. ತಿರುಪು ಬಿಗಿದೆ. ಮತ್ತೆ ಫುಸ್. ಗೌಡರು ದ್ರಾಕ್ಷಿ ತೋಟದವರು. ಅವರಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧ, ಕೊಯ್ಯುವುದು. “ಕೊಳವಿ ಉದ್ದ ಆಗೇತ್ರಿ. ಒಂದ್ ಗೇಣು ಹಾರಸೂಣು,” ಎಂದು ಗರಗಸ ತಂದೇಬಿಟ್ಟರು.

“ಇದು ನಿಮ್ಮ ದ್ರಾಕ್ಷಿ ಬಳ್ಳಿ ಅಲ್ರಿ ಗೌಡ್ರ, ಕೊಯ್ದ್ರ ಮತ್ತ ಚಿಗಿಯಾಕ,” ಎಂದು ಕೊಳವೆಗೆ ಅಡ್ಡ ನಿಂತೆ. ಆ ಉದ್ದದಲ್ಲೇ ಡಬ್ಬಿಯ ಸ್ವರವಿತ್ತು.

ಗಾಳಿ ಒತ್ತಡ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಬೀಸುತ್ತದೆ. ಸೇವೆಯುದ್ದಕ್ಕೂ ಇದನ್ನು ನಿದ್ದೆಗಣ್ಣಿನ ತರಗತಿಗಳಿಗೆ ಹೇಳಿದ್ದೆ; ಒಮ್ಮೆಯೂ ಉಪಯೋಗಿಸಿರಲಿಲ್ಲ. ಊದಿನಕಡ್ಡಿ ಹೊತ್ತಿಸಿ, ಹಾಡು ಹಚ್ಚಿ, ಹೊಗೆಯನ್ನು ಡಬ್ಬಿಯ ಸಂದುಸಂದಿಗೆ ಹಿಡಿದೆ. ಗಾಳಿ ಸೋರುವಲ್ಲಿ ಹೊಗೆ ಅಲುಗಬೇಕು. ನೀಲವ್ವ ಒಲೆ ಬಿಟ್ಟು ಓಡಿಬಂದಳು.

“ಯಪ್ಪಾ! ಅಣ್ಣಾ, ಮನ್ಯಾಗ ದೇವ್ರಿಗಿ ಒಂದಿನಾ ಕಡ್ಡಿ ಹಚ್ಚಲಾರದಾಂವ ಡಬ್ಬಿಗಿ ಬೆಳಗಾಕತ್ತೀಯಲ್ಲಾ!”

ಸಂದಿಗಳಲ್ಲಿ ಹೊಗೆ ನೆಟ್ಟಗೆ ನಿಂತಿತು: ಸೋರಿಕೆಯಿಲ್ಲ. ಕಡೆಗೆ ಕೊಳವೆಯ ಬಾಯಿಗೆ ಹಿಡಿದೆ. ಅಲ್ಲಿ ಅದು ಸುಂಟರಗಾಳಿಗೆ ಸಿಕ್ಕಂತೆ ಚೆದುರಬೇಕಿತ್ತು. ತುದಿಯನ್ನಷ್ಟೇ ಅಲುಗಿಸಿ ಸುಮ್ಮನಾಯಿತು. ಡಬ್ಬಿಗೆ ಉಸಿರು ಕಟ್ಟಿತ್ತು! ತೋಳೇರಿಸಿ ಕೊಳವೆಯೊಳಗೆ ಕೈ ಹಾಕಿದೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಇಡೀ ತೆಂಗಿನಕಾಯಿ ಹೊರಬಂತು.

“ದೃಷ್ಟಿ ಕಾಯಿ ಅದು!” ಎಂದಳು ನೀಲವ್ವ. “ಟ್ರ್ಯಾಕ್ಟರಿಗಿ ಕಟ್ಟೂದಿಲ್ಲೇನ, ಹಂಗ. ಹೊರಗ ಕಟ್ಟಿದ್ರ ಚಂದ ಕಾಣೂದಿಲ್ಲಂತ ತೂತಿನ್ಯಾಗ ಇಟ್ಟಿದ್ದೆ. ನೀ ಅಷ್ಟ ಚಂದ ಮಾಡೀದಿ, ಯಾರದರ ಕಣ್ಣು ಬಿದ್ದೀತು ಅಂತ.”

ಸಿಟ್ಟು ಬರಬೇಕಿತ್ತು. ಆದರೆ ನನ್ನ ಕೈಗೆಲಸಕ್ಕೆ ದೃಷ್ಟಿ ತಾಗೀತೆಂದು ಹೆದರಿದವರು ಭೂಮಿಯ ಮೇಲೆ ಅವಳೊಬ್ಬಳೇ. ಕಾಯಿಯನ್ನು ಭಕ್ತಿಯಿಂದ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿ, ಹಾಡು ಹಚ್ಚಿದೆ.

ಧಂ! ಮಾಳಿಗೆಯ ಪಾರಿವಾಳಗಳು ಒಟ್ಟಿಗೇ ಎದ್ದವು. ಗೌಡರ ಬಶಿಯಲ್ಲಿ ಚಹಾ ಅಲೆಯೆದ್ದಿತು. ಟ್ರೇಲರಿನ ಅಂಚಿಗಿದ್ದ ಗರಗಸ ನಡುಗುತ್ತ ನಡುಗುತ್ತ ಜಾರಿ ಕೆಳಗೆ ಬಿತ್ತು. ಅದನ್ನು ನಾನು ಶರಣಾಗತಿ ಎಂದೇ ಪರಿಗಣಿಸಿದ್ದೇನೆ. “ಸಾಕ್ರಿ ಮಾಸ್ತರ, ಗ್ವಾಡಿ ಬಿದ್ದಾವು!” ಎಂದು ಗೌಡರು ಕೂಗಿದ್ದು ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಇನ್ನಷ್ಟು ಹೆಚ್ಚಿಸಿದೆ.

ಮರುದಿನ ಮೆರವಣಿಗೆಯಲ್ಲಿ ನನ್ನ ಡಬ್ಬಿಯೇ ಮೊಳಗಿತು. ಬಬಲೇಶ್ವರದ ಸೆಟ್ ಬರಲಿಲ್ಲ.