ಅವ್ವ ಯಾವ ಒಲೆಗೆ

ಬಿಸಿಲಿಗೆ ಒಂದು ಕಣ್ಣು ಪೂರ್ತಿ ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, ಸೆರಗಿನ ನೆರಳಲ್ಲಿ ಟ್ಯಾಬು ಹಿಡಿದುಕೊಂಡು ಅವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿಗೆ ಕೊಣ್ಣೂರಿನ ಎರೆಮಣ್ಣು ಮೆತ್ತಿತ್ತು. ಮನೆಮನೆಯ ಊಟ-ಖರ್ಚು ಬರೆದುಕೊಂಡು ದೇಶದ ಅಂಕಿಅಂಶ ಕೂಡಿಸುವ ಕೇಂದ್ರ ಸರಕಾರದ ಕಚೇರಿಯವರು. ನರಗುಂದದ ನಮ್ಮ ಓಣಿಯಲ್ಲಿ ಅವರು ‘ಸರ್ವೆ ಬಾಯಾರು’.

ಅಂದು ನನಗದು ಗೊತ್ತಿರಲಿಲ್ಲ. ತೆರಿಗೆಯವರೋ, ರೇಶನ್ ಕಾರ್ಡು ಕಿತ್ತುಕೊಳ್ಳುವವರೋ? ಮುಚ್ಚಿಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಏನಾದರೂ ಮುಚ್ಚಿಡಬೇಕೆನಿಸಿತು.

“ಹೆದರಬ್ಯಾಡ್ರಿ ಅಣ್ಣಾರ. ನೀವು ಹೇಳಿದ್ದು ಇಡೀ ದೇಶದ ಲೆಕ್ಕದಾಗ ಕೂಡ್ತೈತಿ. ನಿಮ್ಮ ಹೆಸರು ಹೊರಗ ಬೀಳಂಗಿಲ್ಲ.”

ಹೆಂಡತಿ ಚಹಾ ತಂದರೆ ನೀರಷ್ಟೇ ಕುಡಿದರು. “ಈ ಸಕ್ಕರಿ ನಿಮ್ಮ ಖರ್ಚಿಗೆ ಹಿಡೀಲ್ಯೋ, ನನ್ನ ಖರ್ಚಿಗೋ? ಸುಮ್ನ ತಲಿನೋವು” ಎಂದು ನಕ್ಕರು. ಯಾವ ಮನೆಯಲ್ಲೂ ಅವರದು ಇದೇ ಮಾತಂತೆ.

ಆಮೇಲೆ ಕೇಳಿದರು: “ಈ ಮನ್ಯಾಗ ಒಲಿ ಎಷ್ಟು?”

ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ ಎಂಬುದು ಅವರ ಕಚೇರಿಯ ನಿಯಮ. ತಮ್ಮನೂ ನಾನೂ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ ಬೇರೆಯಾಗಿದ್ದೆವು. ನಡುವಿನ ಪಡಸಾಲೆ ಅವ್ವನದು. ಮುಂಜಾನೆ ನಮ್ಮಲ್ಲಿ ಉಣ್ಣುವಳು, ಸಂಜೆ ತಮ್ಮನಲ್ಲಿ. ‘ಯಾರ ಕಡೆ ಇದ್ದೀ?’ ಎಂದು ಯಾರಾದರೂ ಕೇಳಿದರೆ ಕಿವುಡಿಯಾಗುವಳು.

“ಅವ್ವನ್ನ ನಮ್ಮ ಒಲೀಗೆ ಬರ್ಕೋರಿ” ಎಂದೆ.

“ಅದ್ಹ್ಯಾಂಗ? ನಮ್ಮ ಒಲೀಗೆ!” ತಮ್ಮ ಒಳಗಿನಿಂದಲೇ ಕೂಗುತ್ತ ಬಂದ.

“ಹಂಗಾರ ಅರ್ಧರ್ಧ ಬರ್ಕೋರಿ” ಎಂದು ಜಾಣತನ ತೋರಿಸಿದೆ.

“ಅವ್ವಾರನ್ನ ಅರ್ಧ ಮಾಡಾಕ ಬರಂಗಿಲ್ರಿ. ಎರಡೂ ಕಡೆ ಬರದ್ರ ದೇಶಕ್ಕ ಒಬ್ಬಾಕಿ ಹೆಚ್ಚಾಗ್ತಾಳ, ಬಿಟ್ರ ಒಬ್ಬಾಕಿ ಕಡಿಮಿ ಬೀಳ್ತಾಳ.”

ಅವ್ವನ ಮುಖ ಸಣ್ಣದಾಯಿತು. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನ ತಾಟು ತಪ್ಪುತ್ತದೆಂಬ ಭಯ. “ಇವರ ಮುಂದ ನಾ ಹೇಳಂಗಿಲ್ಲ, ತಂಗಿ” ಎಂದಳು.

ಬಾಯಾರು ನಮ್ಮಿಬ್ಬರನ್ನೂ ನೋಡಿದರು. “ಹೊರಗ ನಡೀರಿ ಇಬ್ರೂ. ಲಗೂ!”

ಮಾತು ಬಿಟ್ಟ ಅಣ್ಣತಮ್ಮಂದಿರು ಬೇವಿನ ಗಿಡದ ಕೆಳಗೆ ಬೇರೆ ಬೇರೆ ದಿಕ್ಕು ನೋಡುತ್ತ ನಿಂತೆವು. ಕರೆದಾಗ ಒಳಗೆ ಹೋದರೆ ಅವ್ವ ಅವರ ಕೈ ಹಿಡಿದುಕೊಂಡು ಕೂತಿದ್ದಳು.

“ಯಾರ ಕಡೆ ಬರದ್ರಿ?” ಎಂದೆ.

“ಒಬ್ರು ಹೇಳಿದ್ದು ಇನ್ನೊಬ್ಬರಿಗೆ ಹೇಳಂಗಿಲ್ರಿ.”

“ನಾ ಆಕಿ ಮಗ ಅದೀನ್ರಿ!”

“ಕಲೆಕ್ಟರ್ ಸಾಹೇಬ್ರು ಕೇಳಿದ್ರೂ ಹೇಳಂಗಿಲ್ಲ.”

ಅಂದಿನಿಂದ ನನ್ನ ತಲೆ ಕೆಟ್ಟಿದೆ. ಅವ್ವ ನಮ್ಮ ಕಡೆ ಬರೆಸಿದ್ದರೆ ತಮ್ಮ ಅವಳಿಗೆ ಮೊದಲಿಗಿಂತ ಹೆಚ್ಚು ತುಪ್ಪ ಸುರಿಯುವುದೇಕೆ? ಅವನ ಕಡೆ ಬರೆಸಿದ್ದರೆ ಮುಂಜಾನೆ ನನ್ನ ಹೆಂಡತಿಯ ರೊಟ್ಟಿಗೆ ಅವಳು ಅಷ್ಟು ಖುಷಿಯಿಂದ ಕಾಯುವುದೇಕೆ? ನಾವೂ ಶೇಂಗಾ ಚಟ್ನಿಗೆ ಗಟ್ಟಿ ಮೊಸರು ಸೇರಿಸಿದ್ದೇವೆ. ಯಾವುದಕ್ಕೂ ಇರಲಿ ಎಂದು. ಅವ್ವ ದಪ್ಪಗಾಗುತ್ತಿದ್ದಾಳೆ. ಈಗ ಅದೂ ಒಂದು ಚಿಂತೆ.

ಬಾಯಾರಿಗೆ ವರ್ಗವಾಗಿದೆಯೆಂದು ಗೊತ್ತಾದದ್ದು ರೋಣದ ಬಸ್ ನಿಲ್ದಾಣದಲ್ಲಿ, ಅವರು ಟ್ರಂಕು ಏರಿಸುತ್ತಿದ್ದಾಗ. ಇದೇ ಕೊನೆಯ ಅವಕಾಶವೆಂದು ಬಾಯಿ ತೆರೆದೆ. ಅವರೇ ಮೊದಲು ಕೇಳಿದರು.

“ಅವ್ವಾರು ಆರಾಮ ಅದಾರೇನ್ರಿ? ಅವರ ಊಟ ಆತೇನು?”

“ಆತ್ರಿ” ಎಂದೆ.

ಯಾರ ಒಲೆಯಲ್ಲಿ ಎಂದು ಅವರು ಕೇಳಲಿಲ್ಲ, ಯಾರ ಒಲೆಗೆ ಬರೆದಿರೆಂದು ನಾನೂ ಕೇಳಲಿಲ್ಲ. ಬಸ್ಸು ಗಜೇಂದ್ರಗಡದ ಕಡೆ ತಿರುಗಿದ ಮೇಲೆ, ಅವರಿಗೊಂದು ಶರಣು ಕೂಡ ಹೇಳಲಿಲ್ಲವಲ್ಲ ಎಂಬ ಚಿಂತೆ ಹತ್ತಿಕೊಂಡಿತು.