ಭಾವನ ಇಲ್ಲದ ಸ್ಟೇರಿಂಗು

ನಮ್ಮ ಭಾವ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದರು. ಊರಿನ ಅರ್ಧ ಜನರನ್ನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿಸಿದರು, ಉಳಿದರ್ಧ ಜನರಿಗೆ ತಡವಾದದ್ದಕ್ಕೆ ನೆಪವಾದರು. ಇಷ್ಟೆಲ್ಲ ಮಾಡಿಯೂ ಸ್ವಂತ ಹೆಂಡತಿಯನ್ನು, ಅಂದರೆ ನನ್ನ ಅಕ್ಕನನ್ನು, ಮೂರನೇ ಸ್ಟಾಪಿನಿಂದಾಚೆ ಕರೆದುಕೊಂಡು ಹೋಗಲು ಅವರಿಂದ ಆಗಲಿಲ್ಲ.

ಮದುವೆಯಾದ ಹೊಸತರಲ್ಲಿ ಅಕ್ಕ ಒಂದು ದಿನ ಒಳ್ಳೆಯ ಬಟ್ಟೆ ಉಟ್ಟು, ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು, ಗಂಡನ ಬಸ್ಸು ನೋಡಲು ಹೊರಟಳು. ಮೊದಲ ಸ್ಟಾಪಿನಲ್ಲಿ ನಕ್ಕಳು. ಎರಡನೆಯದರಲ್ಲಿ ಕಣ್ಣು ಮುಚ್ಚಿದಳು. ಮೂರನೆಯದರಲ್ಲಿ ಬೆಳಗಿನ ತಿಂಡಿಯನ್ನು ಭಾವನ ಕಾಲರಿಗೆ ಅರ್ಪಿಸಿದಳು. ಅವತ್ತಿನಿಂದ ಬಸ್ಸಿನ ಹೆಸರೆತ್ತಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತದೆ. ತನ್ನ ಹೊಲಿಗೆ ಅಂಗಡಿಗೆ ನಡೆದು ಹೋದಳು, ಸಂತೆಗೆ ನಡೆದು ಹೋದಳು, ನಡೆಯಲಾಗದಷ್ಟು ದೂರವಿದ್ದ ನೆಂಟರನ್ನು ಮರೆತೇಬಿಟ್ಟಳು.

ಭಾವ ಇದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಭಾವ ಅನ್ನುವುದು ಅವರನ್ನು ನಾನು ಕರೆಯುವ ಹೆಸರೇ ಹೊರತು ಅವರ ಮುಖದಲ್ಲಿ ಕಾಣುವ ಸಂಗತಿಯಲ್ಲ. ಆದರೆ ನಾನೊಮ್ಮೆ ಅವರ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೂ ಹೋಗಿದ್ದೆ. ಅಲ್ಲೊಂದು ದೊಡ್ಡ ಕೆರೆ, ದಂಡೆಯ ಮೇಲೊಂದು ಬೆಂಚು. ಹತ್ತು ನಿಮಿಷದ ಬಿಡುವಿನಲ್ಲಿ ಭಾವ ಅಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಇಡೀ ಬೆಂಚು ಖಾಲಿಯಿದ್ದರೂ ಅವರು ಕೂತದ್ದು ಒಂದು ತುದಿಗೆ ಸರಿದು.

ಹೀಗಿರುವಾಗ ಊರಿಗೆ ಹೊಸ ರೈಲು ಬಂತು. ಪತ್ರಿಕೆಗಳು ಅದನ್ನು ಲಘು ರೈಲು ಎಂದು ಬರೆದವು. ಹೆಸರು ಲಘು, ತೂಕ ನಲವತ್ತು ಟನ್. ಜನ ಟ್ರಾಮು ಅಂದರು, ಅದೇ ಉಳಿಯಿತು. ಅಕ್ಕನ ಅಂಗಡಿಯ ಮುಂದೆಯೇ ಹಳಿ ಹಾಕಿದರು. ಎರಡು ವರ್ಷ ಅಕ್ಕ ಧೂಳು ಕೊಡವುತ್ತ ಹಳಿಯನ್ನು ಹಳಿದಳು. ಕೊನೆಗೊಂದು ದಿನ ಧೂಳು ಅಡಗಿತು. ಬಸ್ ಡ್ರೈವರುಗಳಿಂದ ಮೂವತ್ತು ಜನರನ್ನು ಆರಿಸಿ ಟ್ರಾಮು ಕಲಿಸುತ್ತಾರೆ ಎಂಬ ಸುದ್ದಿ ಬಂತು. ಐವತ್ತು ದಾಟಿದ ಭಾವ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದರು.

ಮಾರ್ಗ ತೆರೆಯುವ ಮೊದಲು ಮೂರು ತಿಂಗಳು ಟ್ರಾಮು ಜನರಿಲ್ಲದೆ ಓಡಬೇಕು. ಜನರ ಬದಲು ಜನರ ತೂಕದ ಮರಳಿನ ಮೂಟೆಗಳನ್ನು ಸೀಟು ಸೀಟಿಗೂ ಕೂರಿಸುತ್ತಾರೆ. ಭಾವನಿಗೆ ಈ ಪ್ರಯಾಣಿಕರು ಬಹಳ ಹಿಡಿಸಿದರು. "ಬಾಗಿಲಲ್ಲಿ ನೇತಾಡಲ್ಲ, ಸ್ವಲ್ಪ ಮುಂದೆ ನಿಲ್ಲಿಸಿ ಅನ್ನಲ್ಲ. ಇಂಥ ಸಭ್ಯ ಜನಾನ ನಾನು ನೋಡೇ ಇಲ್ಲ" ಎಂದರು.

ಎಡವಟ್ಟಾದದ್ದು ಕೈಯಿಂದ. ಟ್ರಾಮಿಗೆ ಸ್ಟೇರಿಂಗು ಇಲ್ಲ. ಎಡಗೈಗೆ ಒಂದು ಹಿಡಿಕೆ ಇದೆ, ಅಷ್ಟೇ. ಮುಂದೆ ತಳ್ಳಿದರೆ ಓಟ, ಹಿಂದೆ ಎಳೆದರೆ ನಿಲುಗಡೆ. ಅದನ್ನು ಬಿಟ್ಟುಬಿಟ್ಟರೆ ಡ್ರೈವರು ಎಚ್ಚರ ತಪ್ಪಿದ್ದಾನೆ ಎಂದುಕೊಂಡು ಗಾಡಿ ತಾನೇ ಗಕ್ಕನೆ ನಿಂತುಬಿಡುತ್ತದೆ. ನೇರ ದಾರಿಯಲ್ಲಿ ಭಾವ ಚಿನ್ನದಂಥ ಡ್ರೈವರು. ತಿರುವು ಬಂತೋ, ಎರಡೂ ಕೈ ತಾವಾಗಿ ಮೇಲೆದ್ದು ಇಲ್ಲದ ಸ್ಟೇರಿಂಗನ್ನು ತಬ್ಬಿ ತಿರುಗಿಸುತ್ತಿದ್ದವು. ಹಿಡಿಕೆ ಅನಾಥ, ಟ್ರಾಮು ಸ್ತಬ್ಧ, ಮೂಟೆಗಳು ಒಂದರ ಮೇಲೊಂದು.

ಕಲಿಸುವ ಮೇಡಂಗೆ ಭಾವನ ಅರ್ಧ ವಯಸ್ಸು, ಎರಡರಷ್ಟು ತಾಳ್ಮೆ. "ಸರ್, ಹಳಿ ಇದೆ. ತಿರುಗಿಸೋ ಕೆಲಸ ಅದರದ್ದು. ನೀವು ಸುಮ್ನೆ ಕೂತ್ಕೊಳ್ಳಿ ಸಾಕು" ಅನ್ನುತ್ತಿದ್ದಳು.

"ಸುಮ್ನೆ ಕೂರೋದನ್ನ ಯಾರೂ ನನಗೆ ಕಲಿಸಿಲ್ಲ ಮೇಡಂ" ಅನ್ನುತ್ತಿದ್ದರು ಭಾವ.

ಇಡೀ ಮಾರ್ಗದಲ್ಲಿ ಅತಿ ಕಡಿದಾದ ತಿರುವು ಇದ್ದದ್ದು ಅಕ್ಕನ ಅಂಗಡಿಯ ಎದುರೇ. ಪರೀಕ್ಷೆಯಲ್ಲಿ ಎರಡು ಸಲವೂ ಭಾವ ಅಲ್ಲೇ ನಪಾಸಾದರು. ಎರಡನೇ ಸಲ ಒಂದು ಮೂಟೆ ಒಡೆದು ಮರಳು ಬಾಗಿಲಿನಿಂದ ಬೀದಿಗೆ ಸುರಿಯಿತು. ಪಕ್ಕದ ಅಂಗಡಿಯ ಕ್ಷೌರಿಕ, ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದ.

"ಏನ್ ಡ್ರೈವರ್ ಸಾಹೇಬ್ರೇ, ಹೆಂಡ್ತಿ ಅಂಗಡಿ ಕಂಡ್ರೆ ಗಾಡಿಗೂ ಭಯಾನಾ?"

ಅವತ್ತು ಸಂಜೆ ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಭಾವ ಉಣ್ಣುತ್ತಿರಲಿಲ್ಲ. ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿದ್ದರು.

"ನಾಡಿದ್ದು ಕೊನೇ ಪರೀಕ್ಷೆ. ಕೈ ಬಿಟ್ರೆ ವಾಪಸ್ ಬಸ್ ಡಿಪೋ" ಎಂದರು.

"ಹೋದ್ರೆ ಹೋಗಿ. ಬಸ್ಸೇನು ನಿಮ್ಮನ್ನ ಕಚ್ಚುತ್ತಾ?" ಎಂದಳು ಅಕ್ಕ.

"ಅದಲ್ಲ ಕಣೇ. ಉದ್ಘಾಟನೆಗೆ ಎರಡು ದಿನ ಮುಂಚೆ ಮೂಟೆ ಇಳಿಸ್ತಾರೆ. ಆ ಜಾಗದಲ್ಲಿ ನಮ್ಮನಮ್ಮ ಮನೆಯವರನ್ನ ಕೂರಿಸಿಕೊಂಡು ಕೆರೆ ತನಕ ಒಂದು ಓಟ." ತಟ್ಟೆಯನ್ನು ಮತ್ತೆ ನೇರಕ್ಕೆ ತಿರುಗಿಸಿ ಹೇಳಿದರು. "ನಿನ್ನ ಹೆಸರು ಬರೆಸಿ ಬಂದಿದೀನಿ."

ಅಕ್ಕನ ಸೌಟು ಅಲ್ಲೇ ನಿಂತಿತು. "ಯಾರನ್ನ ಕೇಳಿ ಬರೆಸಿದ್ರಿ?"

"ಟ್ರಾಮು ಕುಲುಕಲ್ಲ. ಲೋಟದ ತುಂಬ ನೀರಿಟ್ಟು ನೋಡಿದೀನಿ. ಆರು ಸಲ. ನಾನು ಕೈ ಬಿಡದಿದ್ರೆ ಒಂದು ಹನಿ ಚೆಲ್ಲಲ್ಲ."

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಗಂಡ ನೀರಿನ ಲೋಟ ಹಿಡಿದುಕೊಂಡು ಊರೆಲ್ಲ ಸುತ್ತಿದ್ದು ಅಕ್ಕನಿಗೆ ಆಗಷ್ಟೇ ಗೊತ್ತಾದದ್ದು. ಅವಳು ಬಹಳ ಹೊತ್ತು ನನ್ನ ತಟ್ಟೆಗೇ ಬಡಿಸುತ್ತ ಹೋದಳು.

"ಅವತ್ತು ತೋರಿಸ್ತೀನಿ ಅಂದಿದ್ರಲ್ಲ, ಆ ಕೆರೆ ಇನ್ನೂ ಅಲ್ಲೇ ಇದೆಯಾ?"

"ಇದೆ. ಬೆಂಚೂ ಇದೆ."

ಅಕ್ಕ ಸೌಟು ಕೆಳಗಿಟ್ಟು ಕೈ ತೊಳೆದಳು. "ಕೇಳಿ ಇಲ್ಲಿ. ತುಳಿಯೋ ಮಷೀನ್ ಹೋಗಿ ಕರೆಂಟ್ ಮಷೀನ್ ಬಂತಲ್ಲ, ಆಗ ನನ್ನ ಕಾಲುಗಳೂ ತಿಂಗಳುಗಟ್ಟಲೆ ಹೀಗೇ ಗಾಳಿ ತುಳೀತಿದ್ವು. ಎಡಗಾಲಿನ ಕೆಳಗೆ ಒಂದು ಇಟ್ಟಿಗೆ ಇಟ್ಟು, ಇದನ್ನ ಒತ್ತಿ ಹಿಡಿ ಅಂದೆ. ಅದಕ್ಕೊಂದು ಕೆಲಸ ಸಿಕ್ತು, ಬಲಗಾಲು ಒಂಟಿಯಾಯ್ತು, ತೆಪ್ಪಗಾಯ್ತು. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ ರೀ? ನಿಮ್ಮ ಬಲಗೈ ಎದ್ದರೆ ತಾನೇ ಎಡಗೈ ಜೊತೆಗೆ ಏಳೋದು? ಅದಕ್ಕೊಂದು ಕೆಲಸ ಕೊಡೋಣ. ಪ್ಯಾಂಟು ಬಿಚ್ಚಿ."

"ಏ, ಭಾಮೈದ ಕೂತಿದಾನೆ ಕಣೇ!"

"ಅವನು ಊಟ ಮಾಡ್ತಿದಾನೆ, ಬಿಚ್ಚಿ."

ಸಮವಸ್ತ್ರದ ಪ್ಯಾಂಟಿನ ಬಲಗಡೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಕೋಟಿನ ದೊಡ್ಡ ಗುಂಡಿಯೊಂದನ್ನು ಅಕ್ಕ ಎಂಟೆಳೆ ದಾರದಲ್ಲಿ ಹೊಲಿದಳು. ತಿರುವು ಬಂದಾಗ ಬಲಗೈ ಅದನ್ನು ಹಿಡಿದುಕೊಳ್ಳಬೇಕು. ಜೀವಮಾನವೆಲ್ಲ ರಸ್ತೆಯ ಗುಂಡಿ ತಪ್ಪಿಸಿಕೊಂಡು ಬಂದ ಮನುಷ್ಯನಿಗೆ ಕೊನೆಗೆ ಗುಂಡಿಯೇ ಗತಿಯಾಯಿತು.

ಪರೀಕ್ಷೆಯ ಬೆಳಿಗ್ಗೆ ನಾನು ಆಫೀಸಿಗೆ ರಜೆ ಹಾಕಿ ಅಕ್ಕನ ಅಂಗಡಿಯಲ್ಲಿ ಕೂತೆ. ಅವಳು ಮಷೀನಿಗೆ ಬಟ್ಟೆ ಕೊಟ್ಟಿದ್ದಳು, ಹೊಲಿಯುತ್ತಿರಲಿಲ್ಲ. ಕ್ಷೌರಿಕ ಕುರ್ಚಿಯನ್ನೇ ಹೊರಗೆ ತಂದು ಹಾಕಿಕೊಂಡಿದ್ದ. ಗಂಟೆ ಬಾರಿಸುತ್ತ ಟ್ರಾಮು ಬಂತು. ಮುಂದಿನ ಅಗಲ ಗಾಜಿನ ಹಿಂದೆ ಭಾವ, ಅವರ ಬೆನ್ನ ಹಿಂದೆ ಅಂಕ ಹಾಕುವ ಹಲಗೆ ಹಿಡಿದ ಮೇಡಂ, ಅವಳ ಹಿಂದೆ ಸಾಲಾಗಿ ಕೂತ ಮೂಟೆಗಳು.

ತಿರುವಿನಲ್ಲಿ ಭಾವನ ಬಲಭುಜ ಮೇಲಕ್ಕೆ ಹಾರಿತು. ಅಕ್ಕ ನನ್ನ ತೋಳು ಚಿವುಟಿದಳು, ಆ ಗುರುತು ವಾರವಿಡೀ ಇತ್ತು. ಹಾರಿದ ಭುಜ ಅರ್ಧದಲ್ಲೇ ತಡೆದು ಕೆಳಗಿಳಿಯಿತು. ಎಡಗೈ ಹಿಡಿಕೆಯ ಮೇಲೆಯೇ ಇತ್ತು. ಟ್ರಾಮು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿ ಮುಂದೆ ಹೋಯಿತು.

ಕ್ಷೌರಿಕನಿಗೆ ಭಾರಿ ನಿರಾಸೆ. "ಇವತ್ತು ನಿಲ್ಲಿಸಲೇ ಇಲ್ವಲ್ಲಮ್ಮ! ಮನೇಲಿ ಜಗಳ ಗಿಗಳ ಆಯ್ತಾ?"

ಮಧ್ಯಾಹ್ನ ಭಾವ ಅಂಗಡಿಗೆ ಬಂದು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಆ ಗುಂಡಿ, ಅದಕ್ಕಂಟಿದ ಪ್ಯಾಂಟಿನ ಚೂರು.

"ನಾನು ಪಾಸು. ಗುಂಡಿ ಫೇಲು."

ಅಕ್ಕ ಹಾಕಿದ ಗುಂಡಿ ಕಿತ್ತು ಬಂದದ್ದು ನನಗೆ ತಿಳಿದಂತೆ ಅದೊಂದೇ ಸಲ. ಇಪ್ಪತ್ತಾರು ವರ್ಷದ ಸ್ಟೇರಿಂಗು ಸುಮ್ಮನೆ ಬಿಡುತ್ತದೆಯೇ?

ಮನೆಯವರ ಓಟದ ದಿನ ಅಕ್ಕ ಮತ್ತೆ ಡ್ರೈವರಿನ ಹಿಂದಿನ ಸೀಟನ್ನೇ ಹಿಡಿದಳು. ಸೀಟಿನ ಮೇಲೆ ಉಳಿದಿದ್ದ ಮರಳನ್ನು ಅಂಗೈಯಲ್ಲಿ ಒರೆಸಿ ಕೂತಳು. ಮಡಿಲಲ್ಲೊಂದು ಚೀಲ. ಅದರಲ್ಲಿ ನಿಂಬೆಹಣ್ಣು ಎರಡು, ಟವೆಲ್ಲು ಒಂದು ಇದ್ದದ್ದು ನನಗೆ ಗೊತ್ತಿತ್ತು. ಪ್ಲಾಸ್ಟಿಕ್ ಕವರು ಹಿಡಿಯುವ ಜವಾಬ್ದಾರಿ ನನ್ನದು. ಮೊದಲ ಸ್ಟಾಪು ದಾಟಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಭಾವ ಕನ್ನಡಿಯಲ್ಲಿ ಅಕ್ಕನನ್ನು ನೋಡಿದರು.

"ಹೇಗಿದೀಯ?"

"ಮುಂದೆ ನೋಡಿ ಓಡಿಸಿ."

ಅಂಗಡಿಯ ತಿರುವು ಹತ್ತಿರವಾಯಿತು. ಚಕ್ರಗಳು ಕಿರ್ರೆಂದವು. ಭಾವನ ಬಲಗೈ ಗುಂಡಿ ಕಿತ್ತಿದ್ದ ಜಾಗದ ಹರುಕನ್ನೇ ಗಟ್ಟಿಯಾಗಿ ಹಿಡಿಯಿತು. ಅಕ್ಕ ಚೀಲಕ್ಕೆ ಕೈ ಹಾಕಿದಳು. ನಾನು ಕವರಿನ ಬಾಯಿ ಅಗಲಿಸಿ ಅವಳ ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳ ಕೈಯಲ್ಲಿ ಸೂಜಿ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಕಿರಿದಾಗಿಸಿ, ಊರಿನ ಅತಿ ಕಡಿದಾದ ತಿರುವಿನ ನಟ್ಟನಡುವೆ, ಒಂದೇ ಏಟಿಗೆ ಪೋಣಿಸಿಬಿಟ್ಟಳು.

"ಆ ಕವರ್ ತೆಗೆಯೋ, ಬೆಳಕಿಗೆ ಅಡ್ಡ" ಎಂದಳು.

ಕೆರೆಯ ದಂಡೆಯ ಬೆಂಚಿನಲ್ಲಿ ಭಾವ ಎಂದಿನಂತೆ ಒಂದು ತುದಿಗೆ ಕೂತರು. ಅವರು ಬಿಟ್ಟ ಜಾಗದಲ್ಲಿ ಅಕ್ಕ ಕೂತು ಅವರ ಪ್ಯಾಂಟಿನ ಹರುಕಿನ ಮೇಲೆ ಬಗ್ಗಿದಳು, ಈ ಸಲ ಬಿಚ್ಚಿಸದೆ. ಭಾವನಿಗೆ ನಗು ಬಂದು ಮೈಯೆಲ್ಲ ಅಲುಗಿತು.

"ಸ್ವಲ್ಪ ಕುಲುಕದೆ ಕೂತ್ಕೊಳ್ರೀ" ಎಂದಳು ಅಕ್ಕ, "ಸೂಜಿ ಚುಚ್ಚೀತು."