ಮೆಲ್ಲಗೆ ಊದಿದ ತಪ್ಪಿಗೆ

ನಮ್ಮ ಮನೆಯವರು ಕ್ಲಾರಿನೆಟ್ ಊದುತ್ತಾರೆ. ಮುಳಬಾಗಿಲು ಸುತ್ತಮುತ್ತ ಮದುವೆ, ನಾಮಕರಣ, ದೇವರ ಉತ್ಸವ ಅಂದರೆ ಇವರಿಗೆ ಹೇಳಿಕಳಿಸುತ್ತಾರೆ. ಅದರಲ್ಲೇ ಮನೆ ನಡೆದಿದೆ, ದೇವರು ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಮದುವೆಮನೆಯಲ್ಲಿ ಕೇಳುವವರು ಯಾರು? ಎಲೆ ಹಾಕಿದರು ಅಂತ ಗೊತ್ತಾದರೆ ಎಲ್ಲರೂ ಎದ್ದು ಹೋಗುತ್ತಾರೆ, ಇವರು ಖಾಲಿ ಕುರ್ಚಿಗಳಿಗೆ ಊದುತ್ತಿರುತ್ತಾರೆ. ಅದಕ್ಕೇ ಶ್ರೀನಿವಾಸಪುರದ ರಾಮನವಮಿ ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿ, "ಈ ಸಲ ಒಂದು ಸಂಜೆ ಕಚೇರಿ ನೀವೇ ಮಾಡಿ. ಜನಕ್ಕೆ ಹಿಡಿಸಿದ್ರೆ ಪ್ರತಿ ವರ್ಷ ವೇದಿಕೆ ನಿಮಗೇ" ಅಂದಾಗ ಇವರಿಗೆ ಊಟವೇ ಸೇರಲಿಲ್ಲ.

ಭೈರವಿ ರಾಗದಲ್ಲಿ ಪಲ್ಲವಿ ನುಡಿಸುತ್ತೇನೆ ಅಂತ ಹಟ ಹಿಡಿದರು. ಮೊದಲು ರಾಗವನ್ನು ಬೆಳೆಸಬೇಕು. ಆಮೇಲೆ ರಾಮನ ಮೇಲಿನ ಒಂದೇ ಒಂದು ಸಾಲು ಹಿಡಿದು, ತಾಳ ತಪ್ಪದೆ, ತಿರುಗಿಸಿ ಮುರುಗಿಸಿ ನುಡಿಸಬೇಕು. ಹಾಡುವವರೇ ಹೆದರುವಂಥದ್ದು. ಕೊನೆಗೆ ಆ ಸಾಲನ್ನು ಇಳಿಸುತ್ತಾ ಇಳಿಸುತ್ತಾ ಉಸಿರಿನಷ್ಟು ಸಣ್ಣಗೆ ಮಾಡಿ ನಿಲ್ಲಿಸುವುದು ಇವರ ಆಸೆ. ನಾನು ಬೆಳಗ್ಗೆ ದೇವರ ಮುಂದೆ ಕೂತಿರುವಾಗ ಹಜಾರದಿಂದ ಅದೇ ಸಾಲು ಬರುತ್ತಿತ್ತು.

"ಜೋರಾಗಿ ಯಾರು ಬೇಕಾದ್ರೂ ಊದ್ತಾರೆ ಕಣೇ. ಶ್ರುತಿ ಬಿಡದೆ ಸಣ್ಣಗೆ ಹಿಡಿದು ನಿಲ್ಲಿಸೋದಿದೆಯಲ್ಲ, ಹೊಟ್ಟೆ ಹಿಡ್ಕೊಂಡುಬಿಡುತ್ತೆ" ಅನ್ನುತ್ತಿದ್ದರು. ತುಟಿಯೆಲ್ಲ ಕೆಂಪಗಾಗಿ ಬಿಸಿ ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಆರಿಸಿ ಕೊಡುತ್ತಿದ್ದೆ.

ಕಚೇರಿಯ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮೈಕು ಕುಯ್ ಅನ್ನಲಿಲ್ಲ, ಕರೆಂಟು ಹೋಗಲಿಲ್ಲ. ಡೋಲು ಬಾರಿಸುವವನು, ಎಲ್ಲ ಮದುವೆಗಳಿಗೂ ಇವರ ಜೊತೆ ಹೋಗುವವನೇ, ಹೊತ್ತಿಗೆ ಸರಿಯಾಗಿ ಬಂದ. ರಾಮಾ, ಇಷ್ಟು ನಡೆಸಿದ್ದೀಯ, ಇನ್ನೊಂದು ಗಂಟೆ ನಡೆಸಿಕೊಡಪ್ಪ ಅಂತ ಕೈಮುಗಿದು ಹೆಂಗಸರ ಸಾಲಿನಲ್ಲಿ ಕೂತೆ.

ರಾಗ ಶುರುವಾಯಿತು. ಪಕ್ಕದಾಕೆ ನನ್ನ ತಿವಿದು, "ಇವ್ರೇ ಅಲ್ವಾ ನಮ್ಮ ನಾದಿನಿ ಮದುವೇಲಿ ಊದಿದ್ದು? ಅವತ್ತು ಕೆನ್ನೆ ಹಿಂಗೆ ಬೋಂಡಾ ಥರ ಉಬ್ಬಿತ್ತು. ಇವತ್ತು ಉಬ್ಬೇ ಇಲ್ವಲ್ಲ, ಯಾಕಂತೆ?" ಅಂದಳು.

"ಉಬ್ಬಿಸಬಾರದಮ್ಮ" ಅಂದೆ.

"ಓಹೋ, ನಿಮಗೆ ಗೊತ್ತಾ ಇವ್ರು?"

"ಗೊತ್ತು" ಅಂದು ವೇದಿಕೆಯ ಕಡೆ ತಿರುಗಿದೆ.

ಪಲ್ಲವಿ ಚೆನ್ನಾಗೇ ಹೋಯಿತು. ಮೇಲಕ್ಕೆ ಹೋಗಿ ಉದ್ದಕ್ಕೆ ಒಂದು ಸ್ವರ ಹಿಡಿದಾಗ ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ಇವರು ಕಣ್ಣು ಮುಚ್ಚಿ ಇಳಿಸತೊಡಗಿದರು. ಸಣ್ಣಗೆ, ಇನ್ನೂ ಸಣ್ಣಗೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಸಮಿತಿಯ ಹಿರಿಯರೊಬ್ಬರು ಪಕ್ಕಕ್ಕೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ತೆಲುಗಿನಲ್ಲಿ, "ಪಾಪಂ, ದಮ್ಮು ಅಯಿಪೋಯಿಂದಿ" ಅಂದರು. ಉಸಿರು ಮುಗಿದುಹೋಯಿತಂತೆ! ಅಂದು ಸುಮ್ಮನಿದ್ದರೆ ಸರಿ. ಎದ್ದು ನಿಂತು, ತಾಳಿ ಕಟ್ಟುವಾಗ ಪುರೋಹಿತರು ಮಾಡುತ್ತಾರಲ್ಲ, ಹಾಗೆ ತೋರುಬೆರಳು ಮೇಲೆತ್ತಿ ಗರಗರ ತಿರುಗಿಸಿ, "ಗಟ್ಟಿಮೇಳ! ಗಟ್ಟಿಮೇಳ!" ಅಂತ ಕೂಗಿಬಿಟ್ಟರು.

ಡೋಲಿನವನ ಕೈ ನಿಲ್ಲುತ್ತದೆಯೇ? ಎಷ್ಟು ಮದುವೆಗಳ ಅಭ್ಯಾಸ. ಢಮಢಮ ಬಾರಿಸಿಯೇಬಿಟ್ಟ. ಪಕ್ಕದಾಕೆಯ ಕೈ ಅಕ್ಷತೆ ಹುಡುಕುವ ಹಾಗೆ ಮಡಿಲಿಗೆ ಹೋಯಿತು. ಇವರು ಕಣ್ಣು ಬಿಟ್ಟರು. ಬೇರೆ ದಾರಿಯಿಲ್ಲದೆ ತಾವೂ ಜೋರಾಗಿ ಊದಿ ಮುಗಿಸಿದರು. ಪೆಂಡಾಲೇ ಹಾರಿಹೋಗುವಂಥ ಚಪ್ಪಾಳೆ. ಇಡೀ ಸಂಜೆಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದದ್ದು ಅದೊಂದಕ್ಕೇ.

"ಕೈ ತಾನಾಗೇ ಹೋಯ್ತಕ್ಕ" ಅಂತ ಡೋಲಿನವನು ಆಮೇಲೆ ನನ್ನ ಹತ್ತಿರ ಅಳುಮುಖ ಮಾಡಿದ. ಅವನನ್ನು ಏನಂತ ಬಯ್ಯಲಿ?

ಪ್ರಸಾದದ ಪುಳಿಯೋಗರೆ ತಿನ್ನುವಾಗ ಕಾರ್ಯದರ್ಶಿ ಬಂದರು. "ಚೆನ್ನಾಗಿತ್ತು. ಕೊನೇಲಿ ಸುಸ್ತಾದ್ರಿ, ವಯಸ್ಸಾಯ್ತು ನೋಡಿ. ಮುಂದಿನ ವರ್ಷ ಉತ್ಸವದ ಮೆರವಣಿಗೆ ಮುಂದೆ ಊದಿ. ಅಲ್ಲಾದ್ರೆ ಬೇಕಾದಾಗ ನಿಲ್ಲಿಸಿ ಸುಧಾರಿಸ್ಕೋಬಹುದು."

ನನಗೆ ತಡೆಯಲಾಗಲಿಲ್ಲ. "ಸ್ವಾಮಿ, ಅವ್ರಿಗೆ ಸುಸ್ತಾಗಿಲ್ಲ. ಬೇಕೂಂತಲೇ ಮೆಲ್ಲಗೆ ಊದಿದ್ದು" ಅಂದೆ.

ಅವರು ನಕ್ಕರು. "ಬೇಕೂಂತ ಯಾರಮ್ಮ ಮೆಲ್ಲಗೆ ಊದ್ತಾರೆ? ಮನೆಯವರನ್ನ ಬಿಟ್ಕೊಡಲ್ಲ ನೀವು!"

ಮೈಯೆಲ್ಲ ಉರಿಯಿತು. ರಾಮನ ಪೆಂಡಾಲಿನಲ್ಲಿ ನಿಂತು ಬಾಯಿಗೆ ಬಂದದ್ದನ್ನು ಅನ್ನಬಾರದು ಅಂತ ನುಂಗಿಕೊಂಡೆ. ಇವರು ದೊನ್ನೆ ಕೆಳಗಿಟ್ಟು, "ಉತ್ಸವಕ್ಕೆ ಬೇರೆಯವ್ರನ್ನ ನೋಡ್ಕೊಳ್ಳಿ ಸ್ವಾಮಿ, ನಾನು ಬರಲ್ಲ" ಅಂದರು. ಕರೆದವರಿಗೆ ಇವರು ಇಲ್ಲ ಅಂದದ್ದನ್ನು ನಾನು ಕಂಡದ್ದು ಅವತ್ತೇ. ಕಾರ್ಯದರ್ಶಿ "ಹಾಗಾ? ಸರಿ" ಅಂದು ಪಾನಕ ಹಂಚುವ ಕಡೆ ನಡೆದರು. ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ಇವರು ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ ಕೇಳಿದರು. "ನಿನಗಾದ್ರೂ ಕೇಳಿಸ್ತಾ ಅದು?"

ಸುಳ್ಳು ಹೇಳಬಹುದಿತ್ತು. "ಇಲ್ಲಾರೀ. ಹೆಂಗಸರ ಕಡೆ ದೊಡ್ಡ ಫ್ಯಾನ್ ಇಟ್ಟಿದ್ರು, ಬರೀ ಅದರ ಸದ್ದು" ಅಂದೆ.

"ಹಾಗಾದ್ರೆ ಸ್ವಲ್ಪ ಜೋರಾಗೇ ಊದ್ಬೇಕಿತ್ತೇನೋ."

ಆ ಹಿರಿಯರ ಮೇಲೂ ಆ ಕಾರ್ಯದರ್ಶಿಯ ಮೇಲೂ ಬಾರದಷ್ಟು ಸಿಟ್ಟು ಈ ಮಾತಿಗೆ ಬಂತು ನನಗೆ. "ನೀವ್ಯಾಕೆ ಜೋರಾಗಿ ಊದ್ಬೇಕು? ಅವ್ರು ಫ್ಯಾನ್ ಆರಿಸ್ಲಿ!" ಅಂದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಅಂದೆ.